ಬಾಡಿಗೆ ಗೋಡೆ, ಸ್ವಂತ ಬಣ್ಣ

ಕುಮಟೆಯಲ್ಲಿ ವ್ಯಾಪಾರಸ್ಥರ ಲೆಕ್ಕ, ತೆರಿಗೆ ನೋಡಿಕೊಡುವುದು ನನ್ನ ಕೆಲಸ. ಭಟ್ಕಳದಿಂದ ಇಲ್ಲಿಯವರೆಗೆ ಯಾರು ಬಾಡಿಗೆ ಅಂಗಡಿಗೆ ಟೈಲ್ಸ್ ಹಾಕಿಸಿದರೂ ನನಗೆ ಒಂದು ತಲೆನೋವು, ಅದರ ಬೆನ್ನಿಗೇ ಒಂದು ನಗು ಗ್ಯಾರಂಟಿ.

೧. ಇಲ್ಲದ್ದರ ರಿಪೇರಿ

ಮುರ್ಡೇಶ್ವರದ ಹೋಟೆಲಿನವರೊಬ್ಬರು ಬಾಡಿಗೆ ಜಾಗದ ಹಿಂದೆ ಹೊಸ ಅಡುಗೆಮನೆ ಕಟ್ಟಿಸಿ, ಖರ್ಚೆಲ್ಲ ‘ರಿಪೇರಿ’ ಅಂತ ತಂದರು. ರಿಪೇರಿಯಾದರೆ ಖರ್ಚು ಪೂರ್ತಿ ಈ ವರ್ಷದ ಲಾಭದಲ್ಲೇ ಕಳೆಯುತ್ತದೆ, ತೆರಿಗೆ ಇಳಿಯುತ್ತದೆ. ಹೊಸದಾಗಿ ಕಟ್ಟಿದ್ದಾದರೆ ವರ್ಷವರ್ಷ ಸ್ವಲ್ಪ ಸ್ವಲ್ಪವೇ.

“ಅಲ್ಲಿ ಮೊದಲು ಎಂತ ಇತ್ತು?” ಕೇಳಿದೆ.

“ಎಂತದೂ ಇರ್ಲಿಲ್ಲ. ಒಂದು ನುಗ್ಗೆಮರ.”

“ಇಲ್ಲದ್ದನ್ನ ರಿಪೇರಿ ಮಾಡೂದು ಹ್ಯಾಂಗೆ ಮಾರಾಯ್ರೇ?”

“ಅಡುಗೆಮನೆ ಇಲ್ಲದ ಹೋಟೆಲು ಕೆಟ್ಟು ನಿಂತ ಹಾಂಗೇ ಅಲ್ವ ಸರ್? ಅದನ್ನೇ ಸರಿ ಮಾಡಿದ್ದು!”

೨. ಇಸ್ಕ್ರೂ

ಹೊನ್ನಾವರದ ಬಟ್ಟೆ ಅಂಗಡಿಯವನ ಸಂಕಟ ಬೇರೆ. ಕೈಯಲ್ಲಿದ್ದದ್ದನ್ನೆಲ್ಲ ಸುರಿದು ಅಂಗಡಿ ಚಂದ ಮಾಡಿಸುತ್ತಿದ್ದ. ಇತ್ತ ಬಾಡಿಗೆ ಕರಾರು ಮುಗಿಯಲು ಬಂದಿತ್ತು. ಕಟ್ಟಡದ ಮಾಲಕರು ಇರುವುದು ಬಾಡ ಎಂಬ ಊರಿನಲ್ಲಿ; ಅವರು ಬಂದು ಇದನ್ನು ನೋಡಿದರೆ ಬಾಡಿಗೆ ಏರಿಸುತ್ತಾರೆ, ಇಲ್ಲವೇ ಬಿಡಿಸುತ್ತಾರೆ ಎಂದು ಅವನಿಗೆ ಊಟ ಸೇರುತ್ತಿರಲಿಲ್ಲ.

“ಲೆಕ್ಕದಲ್ಲಿ ಈ ಖರ್ಚನ್ನು ಕರಾರಿನ ವರ್ಷಗಳಿಗೆ ಹಂಚಬೇಕು,” ಎಂದೆ. “ಬಿಟ್ಟು ಹೋದರೆ ನೆಲ, ಗೋಡೆ ಅವರದ್ದು. ಬಿಚ್ಚಿ ಒಯ್ಯುವಂಥದ್ದು ಮಾತ್ರ ನಿನ್ನದು.”

ಮುಂದಿನ ವಾರ ಹೋದರೆ ಕಪಾಟು, ಕನ್ನಡಿ, ಕಡೆಗೆ ದೇವರ ಮಂಟಪಕ್ಕೂ ಮೊಳೆಯ ಬದಲು ಇಸ್ಕ್ರೂ!

“ಇದೆಂತದಾ?”

“ನೀವೇ ಹೇಳಿದ್ರಲ್ಲ. ಹೋಗೂದಾದ್ರೆ ದೇವರೂ ನನ್ನ ಸಂಗ್ತಿಗೇ ಬರ್ಲಿ.”

೩. ಬಕೆಟ್

ಹೊಸ ಕರಾರಿಗೆ ಸಹಿ ಹಾಕಲು ಮಾಲಕರು ಬರುವ ದಿನ ಬಟ್ಟೆ ಅಂಗಡಿಯವ ನನ್ನನ್ನೂ ಕರೆದ. ಮಳೆಗಾಲ. ಒಳಗೆ ಹೊಕ್ಕವನಿಗೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಹೊಸ ಟೈಲ್ಸ್ ಮೇಲೆ ಹರಕು ಟಾರ್ಪಾಲು, ಗೋಡೆಗೆ ಗೋಣಿಚೀಲ, ಸೀಲಿಂಗಿಗೆ ಹಳೇ ಸೀರೆ, ನಡುವೆ ನೀರಿದ್ದ ಬಕೆಟ್ಟು.

“ಸೋರ್ತದಾ?”

“ಎಲ್ಲಿ ಸೋರೂದು! ನಾನೇ ತುಂಬಿಟ್ಟಿದ್ದು. ನೀವು ಸುಮ್ಮನಿರಿ ಸರ್.”

ಮಾಲಕರು ಬಂದರು. ದೇವರಂಥ ಮನುಷ್ಯ. ಬಕೆಟ್ಟು ನೋಡಿದ್ದೇ ಅವರ ಮುಖ ಸಣ್ಣದಾಯಿತು. “ಛೇ, ತಮ್ಮಾ! ಇಂಥಾ ಅಂಗಡೀಲಿ ಕೂತು ಬಾಡಿಗೆ ಕೊಡ್ತಾ ಬಂದಿದ್ಯಲ್ಲ. ಇನ್ನು ಒಂದು ಪೈಸೆ ಏರಿಸೂದಿಲ್ಲ. ಇಲ್ಲೇ ಇರು.”

ಸಹಿ ಆಯಿತು. ಅಂಗಡಿಯವ ನನ್ನತ್ತ ನೋಡಿ ಹುಬ್ಬು ಹಾರಿಸಿದ. ನನಗೂ, ಸುಳ್ಳೇಕೆ, ಖುಷಿಯೇ ಆಯಿತು.

ಪೆನ್ನು ಕಿಸೆಗೆ ಹಾಕುತ್ತ ಮಾಲಕರು ಅಂದರು, “ಸೋಮವಾರ ನನ್ನ ಜನ ಬತ್ತಾರೆ. ನೆಲ, ಗೋಡೆ, ಈ ಸೋರೂ ಮಾಡು, ಎಲ್ಲ ಕಿತ್ತು ಹೊಸದು ಹಾಕ್ಸಿ ಕೊಡ್ತೆ. ಖರ್ಚೆಲ್ಲ ನಂದೇ!”

ಅಂಗಡಿಯವ ಬಕೆಟ್ಟಿಗೆ ಅಡ್ಡ ಬಂದು ನಿಂತ. “ಬೇಡ, ಬೇಡ! ನಂಗೆ ಸೋರೂದು ಅಭ್ಯಾಸ ಆಗಿ ಹೋಗಿದೆ. ಸೋರದಿದ್ರೆ ವ್ಯಾಪಾರಕ್ಕೆ ಮನಸ್ಸೇ ಬರೂದಿಲ್ಲ!”

ಮಾಲಕರು ಅವನ ಬೆನ್ನು ಸವರಿದರು. ಅವರ ಕಣ್ಣು ತುಂಬಿತ್ತು.

“ಎಷ್ಟು ಸಂಕೋಚನಾ ನಿಂಗೆ! ಸೋಮವಾರ ಎಂತಕ್ಕೆ? ನಾಳೆ ಬೆಳಿಗ್ಗೆಯೇ ಕಳಿಸ್ತೆ.”