ಫಕೀರಪ್ಪನ ಮನೆಯ ಸುಖೀ ಹೋತ

ಪ್ರಾಣಿಯೊಂದು ಸುಖವಾಗಿ ಬದುಕಿ ಸತ್ತರೆ ಅದರ ಮಾಂಸ ತಿಂದವರಿಗೆ ಪಾಪ ತಟ್ಟುವುದಿಲ್ಲ ಎಂಬ ಸಂಗತಿಯು ಪುಣೆಯ ಬಿಬವೇವಾಡಿಯ ಎರಡು ಕೋಣೆಯ ಮನೆಯೊಂದಕ್ಕೆ 2005ನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ತಲುಪಿತು. ಅಲ್ಲಿಯವರೆಗೆ ಆ ಮನೆಯ ಯಜಮಾನ ಫಕೀರಪ್ಪ ಇಪ್ಪತ್ತೆರಡು ವರ್ಷ ಪ್ರತಿ ರವಿವಾರ ಅರ್ಧ ಕಿಲೋ ಮಟನ್ ತಂದು, ಉಂಡು, ಮಧ್ಯಾಹ್ನ ಗಡದ್ದಾಗಿ ನಿದ್ದೆ ಮಾಡಿದ್ದನು. ಇದೆಲ್ಲ ಅಜ್ಞಾನದಿಂದ ನಡೆದದ್ದೆಂದು ಮುಂದೆ ದಾಖಲಾಯಿತು.

ಫಕೀರಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಸಿದ್ದಲಿಂಗಪ್ಪನವರ ಮೆಣಸಿನಕಾಯಿ ಅಂಗಡಿಯ ಗುಮಾಸ್ತ. ಆರು ದಿನ ಘಾಟಿಗೆ ಸೀನುತ್ತ, ಮಾಲಕರಿಂದ ಬೈಸಿಕೊಳ್ಳುತ್ತ ಚೀಲ ಎಣಿಸುವ ಅವನಿಗೆ ಏಳನೆಯ ದಿನವೊಂದೇ ಸ್ವಂತದ್ದು. ಅವತ್ತು ಹೆಂಡತಿ ಶಿವಗಂಗವ್ವ ಮಸಾಲೆ ಅರೆಯುವಳು. ವಿಮಾನ ನಗರದ ಕಾಲ್ ಸೆಂಟರಿನಲ್ಲಿ ಪಾಳಿ ಮಾಡುವ ಮಗಳು ಸ್ನೇಹಲ್ ಮನೆಯಲ್ಲಿರುವಳು, ಮಗ ಸ್ವಪ್ನಿಲ್ ಕ್ರಿಕೆಟ್ ಬಿಟ್ಟು ತಾಟಿನ ಮುಂದೆ ಕೂಡುವನು. ವಾರದಲ್ಲಿ ನಾಲ್ಕೂ ಜನ ಕೂಡಿ ಉಣ್ಣುವ ಹೊತ್ತು ಅದೊಂದೇ. ಫಕೀರಪ್ಪನಿಗೆ ಬೇಕಾದದ್ದು ಮಟನ್ನೋ ಆ ಹೊತ್ತೋ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ.

ಅಂಥ ಒಂದು ರವಿವಾರ ಸ್ನೇಹಲ್ ತಾಟಿಗೆ ಕೈ ಹಾಕದೆ ಕೂತಳು.

“ಅಪ್ಪಾ, ಈ ಹೋತ ಬದುಕಿದ್ದಾಗ ಹ್ಯಾಂಗಿತ್ತು ಅಂತ ನಿನಗ ಗೊತ್ತದೇನು?”

“ನಾ ಹೋಗೂದ್ರಾಗ ತೂಗಹಾಕಿರ್ತಾರವ್ವ. ಮಾತಾಡ್ಸಾಕ ಆಗಿಲ್ಲ.”

ಸ್ನೇಹಲಳ ಕಚೇರಿಯ ಕೆಳಗಿನ ಮಜಲಿನಲ್ಲಿ ಸುಖಜೀವಿ ಮಾಂಸ ಪ್ರತಿಷ್ಠಾನ ಎಂಬ ಸಂಸ್ಥೆ ತೆರೆದಿತ್ತು. ಅಲ್ಲಿ ಮಾರುವ ಮಾಂಸವೆಲ್ಲ ಸುಖವಾಗಿ ಬೆಳೆದ ಪ್ರಾಣಿಗಳದು. ದರ ಮಾತ್ರ ಓಣಿಯ ಖಾಟಿಕನ ಅಂಗಡಿಯ ಮೂರು ಪಟ್ಟು. ಶಿವಗಂಗವ್ವ ದರದ ಪಟ್ಟಿ ಕೇಳಿ, “ಹಂಗಾರ ತಿಂಗಳಿಗೊಮ್ಮೆ ತಿನ್ನೋಣು, ಉಳದ ವಾರ ಖಾಲಿ ಮಸಾಲಿ ವಾಸನಿ ತಗೊಳ್ಳೋಣು” ಎಂದಳು.

ಪ್ರತಿಷ್ಠಾನವು ಇಂಥ ಕುಟುಂಬಗಳನ್ನು ಕೈಬಿಟ್ಟಿರಲಿಲ್ಲ. ಸ್ನೇಹಲ್ ತಂದ ಪ್ರಕಟಣೆ ಹೀಗಿತ್ತು: “ಮಾಂಸದ ದರದಲ್ಲಿ ಮೂರನೇ ಎರಡು ಪಾಲು ಪ್ರಾಣಿಯ ಸುಖದ ಖರ್ಚಾಗಿರುತ್ತದೆ. ಸದರಿ ಸುಖವನ್ನು ಗ್ರಾಹಕರೇ ತಮ್ಮ ಮನೆಯಲ್ಲಿ ತೊಂಬತ್ತು ದಿನ ಒದಗಿಸಿದಲ್ಲಿ ಪ್ರಾಣಿಯನ್ನು ಸಾಮಾನ್ಯ ದರಕ್ಕೆ ಕೊಡಲಾಗುವುದು. ಈ ಅವಧಿಯಲ್ಲಿ ಪ್ರಾಣಿ ಇರುವ ಮನೆಯಲ್ಲಿ ಯಾವುದೇ ಮಾಂಸ ಬೇಯಿಸತಕ್ಕದ್ದಲ್ಲ. ಸುಖದ ಪ್ರಮಾಣಪತ್ರವಿಲ್ಲದೆ ಪ್ರಾಣಿಯನ್ನು ಕೊಯ್ಯತಕ್ಕದ್ದಲ್ಲ.”

ತೊಂಬತ್ತು ದಿನ ಮಟನ್ ತರದಿದ್ದರೆ ಉಳಿಯುವ ದುಡ್ಡು ಹೋತಕ್ಕೆ ಸರಿಹೋಗುತ್ತಿತ್ತು. ಮೇಲಾಗಿ ತೊಂಬತ್ತನೆಯ ದಿನ ಬರುವುದು ಗಟಾರಿ ಅಮಾವಾಸ್ಯೆಗೆ ಎರಡು ದಿನ ಮೊದಲು. ಅಮಾವಾಸ್ಯೆಯ ಮರುದಿನ ಶ್ರಾವಣ ಹಿಡಿಯುವುದರಿಂದ ಅವತ್ತು ಪುಣೆಯ ಅರ್ಧ ಊರು ಒಂದು ತಿಂಗಳಿಗಾಗುವಷ್ಟು ಮಟನ್ ಉಂಡು ಮುಗಿಸುತ್ತದೆ. ಇಡೀ ಹೋತ, ಅದೂ ಪಾಪವಿಲ್ಲದ್ದು, ಅಮಾವಾಸ್ಯೆಯ ದಿನ ತನ್ನ ಮನೆಯಲ್ಲಿ! ಫಕೀರಪ್ಪ ಹಿಂದುಮುಂದು ನೋಡದೆ ಸಹಿ ಹಾಕಿದನು.

ಮೇ ತಿಂಗಳ ಮೊದಲ ವಾರ ಹೋತವು ರಿಕ್ಷಾದಲ್ಲಿ ಬಂದಿತು. ಅದರ ಜೊತೆ ಮೂವತ್ತೆರಡು ಪುಟಗಳ ನಿಯಮ ಪುಸ್ತಿಕೆಯೂ, ತಪಾಸಣಾಧಿಕಾರಿ ರಘುರಾಮನೂ ಬಂದರು. ರಘುರಾಮ ಕರಾವಳಿಯವನು. ಅವನ ಅಣ್ಣಂದಿರದು ಸ್ವಾರಗೇಟದಲ್ಲಿ ಹೊಟೆಲ್. ಮರಾಠಿಯಲ್ಲಿ ಶುರುವಾದ ತಪಾಸಣೆ ಎರಡನೆಯ ನಿಮಿಷಕ್ಕೆ ಕನ್ನಡಕ್ಕೆ ತಿರುಗಿತು, ಮತ್ತು ಎಲ್ಲರಿಗೂ ಸಮಾಧಾನವಾಯಿತು.

“ಕಿಟಕಿಯ ಹತ್ತಿರ ಒಳ್ಳೆ ಬಿಸಿಲು ಉಂಟು. ಇಲ್ಲಿ ಮಂಚ ಯಾರದ್ದು?” ಎಂದು ಅವನು ಕೇಳಿದನು.

“ನಂದ್ರಿ.”

“ಇನ್ನು ಹೋತದ್ದು ಮಾರಾಯ್ರೇ. ಬೇಜಾರು ಮಾಡ್ಬೇಡಿ, ನಿಯಮ.”

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಹಾಸಿಗೆಯೇ ಹೋದಾಗ ಏನು ಮಾಡಬೇಕೆಂದು ಹೇಳಿಲ್ಲ. ಫಕೀರಪ್ಪ ಅಡಿಗೆ ಕೋಣೆಯಲ್ಲಿ ಕಾಲು ಮಡಚಿ ಮಲಗತೊಡಗಿದನು. ಅಂಗಡಿಯಿಂದ ಬರುವಾಗ ತರಕಾರಿ ಮಾರುಕಟ್ಟೆಗೆ ಹೋಗಿ, ಉದುರಿದ ಸೊಪ್ಪನ್ನು ಹೋತಕ್ಕೆ ಆರಿಸಿ ತಂದನು. ಉದುರಿದ್ದು ನಿಯಮಬಾಹಿರವೆಂದು ತಿಳಿದ ಮೇಲೆ ಮೊದಲ ದರ್ಜೆಯ ಕೊತಂಬರಿ ಹೋತಕ್ಕೂ ಉದುರಿದ್ದು ಮನೆಯವರಿಗೂ ಎಂದು ತೀರ್ಮಾನವಾಯಿತು. ಹೋತಕ್ಕೆ ದಿನಕ್ಕೆ ಎರಡು ತಾಸು ವಿಶ್ರಾಂತಿ, ಎರಡು ತಾಸು ಸಂಚಾರ. ಅದರ ಎದುರು ಯಾರೂ ದನಿ ಏರಿಸಬಾರದಾದ್ದರಿಂದ ಸ್ವಪ್ನಿಲ್ ಟೀವಿಯ ದನಿ ತೆಗೆದು ಕ್ರಿಕೆಟ್ ನೋಡಿದನು.

ಒಮ್ಮೆ ತಪಾಸಣೆಯ ಹೊತ್ತಿಗೆ ಅವನೇ ಕೇಳಿದನು: “ಮೀನಕ್ಕ ನಿಯಮ ಇಲ್ಲೇನ್ರಿ ಸರ್?”

“ಮೀನಿನ ಮುಖ ನೋಡಿ ಸುಖ ದುಃಖ ಗೊತ್ತಾಗುದಿಲ್ಲ,” ಎಂದ ರಘುರಾಮ. “ಹಾಗಾಗಿ ನಾವು ತಿಂತೇವೆ.”

ತೊಂಬತ್ತನೆಯ ದಿನ ಹೋತಕ್ಕೆ ನೂರಕ್ಕೆ ತೊಂಬತ್ತಾರು ಅಂಕ ಬಂದವು. ಶಿವಗಂಗವ್ವ ಆಗಲೇ ಮಟನ್ ಮಸಾಲೆಗೆಂದು ಒಣಕೊಬ್ಬರಿ ಸುಟ್ಟು ಇಟ್ಟಿದ್ದಳು. ಅಷ್ಟರಲ್ಲಿ ರಘುರಾಮ ನಲವತ್ತೊಂದನೆಯ ಕಲಮಿಗೆ ಬಂದನು: ಪ್ರಾಣಿಯು ಮನೆಯಲ್ಲಿ ಯಾರನ್ನು ಹಚ್ಚಿಕೊಂಡಿದೆ? ಫಕೀರಪ್ಪ ಕೊಡದಿದ್ದರೆ ಹೋತ ಮೇವು ಮುಟ್ಟುತ್ತಿರಲಿಲ್ಲವೆಂಬುದು ಓಣಿಗೆಲ್ಲ ಗೊತ್ತಿತ್ತು. ಹಾಗಾಗಿ ಅವನೇ ಸಹವಾಸಿ ಎಂದು ನಮೂದಾಯಿತು. ಸಹವಾಸಿಯ ದುಃಖ ಪ್ರಾಣಿಗೂ ಅಂಟುವ ಸಂಭವವಿರುವುದರಿಂದ ಅವನ ಸುಖವನ್ನೂ ಅಳೆಯಬೇಕಿತ್ತು.

“ದಿನಕ್ಕೆ ಬಿಸಿಲು ಎಷ್ಟು?”

“ಬಸ್ಸಿಗೆ ನಿಂತಾಗ ಎಷ್ಟು ಬೀಳ್ತದೋ ಅಷ್ಟ್ರಿ.”

“ಹಸಿರು ಆಹಾರ?”

“ಹೋತ ಬಿಟ್ಟದ್ದು.”

“ದನಿ ಏರಿಸಿ ಮಾತಾಡುವವರ ಹೆಸರು?”

ಫಕೀರಪ್ಪ ಹೆಂಡತಿಯತ್ತ ನೋಡಿದನು, ಮಾಲಕರನ್ನು ನೆನೆದನು. “ಬರಿಯಾಕ ಜಾಗಾ ಸಾಲೂದಿಲ್ರಿ” ಎಂದನು.

ಅವನಿಗೆ ಹನ್ನೊಂದು ಅಂಕ ಬಂದವು. ಪ್ರಮಾಣಪತ್ರವನ್ನು ತಡೆಹಿಡಿದು, ಇನ್ನೂ ತೊಂಬತ್ತು ದಿನ ಸಹವಾಸಿಗೂ ಪ್ರಾಣಿಯಷ್ಟೇ ಸೌಕರ್ಯ ಕೊಡತಕ್ಕದ್ದೆಂದು ಆದೇಶವಾಯಿತು.

“ನಾಡದು ಅಮಾಸಿ ಅದರಿ ಸಾಹೇಬ್ರ,” ಎಂದನು ಫಕೀರಪ್ಪ.

“ಅದರ ಮರುದಿನ ಶ್ರಾವಣ ಅಲ್ವಾ? ಹೇಗೂ ಒಂದು ತಿಂಗಳು ನೀವು ತಿನ್ನುದಿಲ್ಲ. ಅಷ್ಟು ದಿನ ಉಳೀತು ನೋಡಿ.”

ಈ ಮಾತು ಎಲ್ಲರಿಗೂ ಸರಿ ಕಂಡಿತು. ಅಮಾವಾಸ್ಯೆಯ ದಿನ ಓಣಿಯ ಪ್ರತಿ ಮನೆಯಿಂದ ಮಟನ್ ರಸ್ಸಾದ ವಾಸನೆ ಹೊರಟಿತು. ನಿಯಮದಂತೆ ಕಿಟಕಿ ಮುಚ್ಚಿ, ಸುಟ್ಟಿಟ್ಟ ಕೊಬ್ಬರಿಯನ್ನು ಬಟಾಟಿ ಪಲ್ಯಕ್ಕೆ ಹಾಕಿ ಉಂಡರು. ಸ್ನೇಹಲ್ ಪಾಳಿಗೆ ಹೋಗಿದ್ದಳು, ಸ್ವಪ್ನಿಲ್ ಗೆಳೆಯನ ಮನೆಗೆ ಮಟನ್ ಉಣ್ಣಲು ಹೋಗಿದ್ದನು. ಎರಡು ಖಾಲಿ ಮಣೆಗಳನ್ನು ನೋಡಿ ಫಕೀರಪ್ಪನಿಗೆ ಅಳು ಬಂದಿತು. ದನಿ ಏರಿಸುವಂತಿರಲಿಲ್ಲವಾದ್ದರಿಂದ ಸಣ್ಣಗೆ ಅತ್ತನು.

ಮುಂದಿನ ತೊಂಬತ್ತು ದಿನ ಆದೇಶವು ಅಕ್ಷರಶಃ ಪಾಲನೆಯಾಯಿತು. ಅದರ ಒಂದು ಪ್ರತಿ ಸಿದ್ದಲಿಂಗಪ್ಪನವರಿಗೂ ಹೋಗಿತ್ತು. ಅವರು ಈರುಳ್ಳಿಯನ್ನೂ ಸೋಮವಾರ ಬಿಡುವ ಲಿಂಗವಂತರು. “ಮಾಂಸದ ಮಾತು ನನ್ನ ಅಂಗಡ್ಯಾಗ ಬ್ಯಾಡ,” ಎಂದರು. “ಆದ್ರ ಕಾಗದಕ್ಕ ಶಿಕ್ಕಾ ಅದ. ಫಕೀರಪ್ಪನವರ, ಬಿಸಲಾಗ ಕುಂಡರ್ರಿ.” ಇಪ್ಪತ್ತೆರಡು ವರ್ಷದಲ್ಲಿ ಅವರು ಅವನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ಮನೆಯಲ್ಲಿ ಕಿಟಕಿಯ ಹತ್ತಿರ ಎರಡನೆಯ ಮಂಚ ಬಂದಿತು. ಹೋತವೂ ಫಕೀರಪ್ಪನೂ ಅಕ್ಕಪಕ್ಕ ಮಲಗಿ ಬಿಸಿಲು ಕಾಯಿಸಿದರು, ಸಂಜೆ ಜೋಡಿಯಾಗಿ ತಿರುಗಾಡಿ ಬಂದರು. ಶಿವಗಂಗವ್ವ ನಸುಕಿನಲ್ಲಿ ಎದ್ದು ಇಬ್ಬರಿಗೂ ಸೊಪ್ಪು ಸೋಸಿದಳು, ಇಬ್ಬರ ಹಾಸಿಗೆ ಝಾಡಿಸಿದಳು, ಒಬ್ಬನ ಕಾಲು ಒತ್ತಿ ಇನ್ನೊಂದರ ಮೈ ತಿಕ್ಕಿದಳು. ಆಮೇಲೆ ಯಾವತ್ತಿನ ಹಾಗೆ ಪಗಾರಕ್ಕೆ ನಾಲ್ಕು ಮನೆಗಳ ಪೋಳಿ, ಅಂದರೆ ಚಪಾತಿ, ಲಟ್ಟಿಸಲು ಹೋದಳು. ಮೊದಲಾಗಿದ್ದರೆ ಇದನ್ನೆಲ್ಲ ಗೊಣಗುತ್ತ ಮಾಡುತ್ತಿದ್ದಳು. ಗೊಣಗುವುದಕ್ಕೂ ಈಗ ನಿರ್ಬಂಧವಿತ್ತು. ಫಕೀರಪ್ಪನ ಗಲ್ಲ ತುಂಬಿದವು, ಸೀನು ನಿಂತಿತು.

ನೂರೆಂಬತ್ತನೆಯ ದಿನ ಹೋತಕ್ಕೆ ತೊಂಬತ್ತೆಂಟು, ಫಕೀರಪ್ಪನಿಗೆ ತೊಂಬತ್ತನಾಲ್ಕು ಅಂಕ ಬಂದವು. ರಘುರಾಮ ಪ್ರಮಾಣಪತ್ರಕ್ಕೆ ಒತ್ತುವ ಶಿಕ್ಕೆಗೆ ಮಸಿ ಹಚ್ಚಿ, ಕೊನೆಯ ಪ್ರಶ್ನೆ ಕೇಳಿದನು: “ನಿಮ್ಮ ಸುಖಕ್ಕೆ ಏನಾದ್ರೂ ಕೊರತೆ ಉಂಟಾ?”

ಫಕೀರಪ್ಪ ಸುಳ್ಳು ಹೇಳಿ ಗೊತ್ತಿಲ್ಲದವನು. “ಎಲ್ಲಾ ಅದರಿ,” ಎಂದನು. “ರವಿವಾರದ ಮಟನ್ ಒಂದ ಇಲ್ಲ.”

ರಘುರಾಮ ಶಿಕ್ಕೆ ಕೆಳಗಿಟ್ಟು ಬಹಳ ಹೊತ್ತು ಪುಸ್ತಿಕೆ ತಿರುವಿದನು. ಮಟನ್ ಇಲ್ಲದಿದ್ದರೆ ಸಹವಾಸಿಯ ಸುಖ ಪೂರ್ಣವಾಗದು. ಹೋತ ಇರುವ ಮನೆಯಲ್ಲಿ ಮಟನ್ ಬೇಯಿಸಲಾಗದು. ಹೋತವನ್ನೇ ಕೊಯ್ಯಬಹುದು, ಆದರೆ ಸಹವಾಸಿಯ ಸುಖ ಪೂರ್ಣವಾಗುವವರೆಗೆ ಕೊಯ್ಯಲಾಗದು.

“ಬರೋಬ್ಬರಿ ಅದ,” ಎಂದಳು ಸ್ನೇಹಲ್. “ನವೀಕರಣ ಮಾಡೋಣ,” ಎಂದನು ರಘುರಾಮ. ಫಕೀರಪ್ಪ ಹೋತದ ಕೊರಳು ತುರಿಸುತ್ತ ಹೂಂ ಎಂದನು.

ಅಂದಿನಿಂದ ಪ್ರತಿ ತೊಂಬತ್ತು ದಿನಕ್ಕೊಮ್ಮೆ ನವೀಕರಣ ನಡೆದಿದೆ. ಪ್ರತಿಷ್ಠಾನದ ವಾರ್ಷಿಕ ವರದಿಯಲ್ಲಿ ಆ ಮನೆಗೆ ಮಾದರಿ ಗ್ರಾಹಕ ಕುಟುಂಬವೆಂದು ಬಿರುದು ಸಿಕ್ಕಿತು. ಯೋಜನೆಗೆ ಸೇರಿದ ನಾನೂರು ಮನೆಗಳಲ್ಲಿ ಒಂದು ಪ್ರಾಣಿಗೂ ನೋವಾಗಿಲ್ಲ, ಒಬ್ಬ ಗ್ರಾಹಕರೂ ಮಾಂಸದ ಗುಣಮಟ್ಟದ ಬಗ್ಗೆ ದೂರಿಲ್ಲ ಎಂದು ಅದರಲ್ಲಿ ಅಚ್ಚಾಗಿತ್ತು. ಓಣಿಯ ಖಾಟಿಕನು ವ್ಯಾಪಾರ ಇಳಿದು, ಈಗ ಅದೇ ಅಂಗಡಿಯಲ್ಲಿ ಯೋಜನೆಯ ಅರ್ಜಿಗಳನ್ನು ಮಾರುತ್ತಾನೆ.

ನಾಲ್ಕನೆಯ ನವೀಕರಣದ ದಿನ ಶಿವಗಂಗವ್ವ ಚಹಾ ಕೊಟ್ಟು, ಒಳಗೆ ಹೋಗದೆ ಅಲ್ಲೇ ನಿಂತಳು.

“ಸಾಹೇಬ್ರ, ಈ ಸಹವಾಸಿ ಅನ್ನೂದು ಹೆಣ್ಮಕ್ಕಳಿಗೂ ಕೊಡ್ತಾರೇನ್ರಿ?”

“ಕೊಡ್ತಾರೆ ಅಮ್ಮಾ. ಆದ್ರೆ ಒಂದು ಪ್ರಾಣಿಗೆ ಒಬ್ಬರೇ. ನೀವು ಬೇರೆ ಪ್ರಾಣಿ ತಕೊಳ್ಬೇಕಾಗ್ತದೆ.”

“ಸಣ್ಣದು ಯಾವದರೆ ಅದ ಏನ್ರಿ? ಮನ್ಯಾಗ ಜಾಗಾ ಇಲ್ಲ.”

“ಕೋಳಿ ಉಂಟು. ಆದ್ರೆ ಹೋತದ ಹಾಗೆ ಅಲ್ಲ ಅದು. ಕೋಳಿಯ ಸಹವಾಸಿಗೆ ದಿನಕ್ಕೆ ಒಂದು ತಾಸು ಮಾತ್ರ ವಿಶ್ರಾಂತಿ.”

ಶಿವಗಂಗವ್ವ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

“ಪೂರಾ ಒಂದ ತಾಸು?” ಎಂದು ಕೇಳಿದಳು.

ರಘುರಾಮ ಪುಸ್ತಿಕೆ ತೆರೆದು ಆ ನಿಯಮಕ್ಕೆ ಬೆರಳಿಟ್ಟು ತೋರಿಸಿದನು. ಶಿವಗಂಗವ್ವ ಸೆರಗಿಗೆ ಕೈ ಒರೆಸಿಕೊಂಡು ಸಹಿ ಮಾಡಿದಳು.