ಮೂಟೆಯ ಮೇಲೊಂದು ಬೆಟ್ಟ

ಬೆಟ್ಟ ಹತ್ತುವವರಲ್ಲಿ ಎರಡು ಪಂಗಡ. ಶಿಖರದ ಆಸೆಗೆ ಹತ್ತುವವರು ಕೆಲವರು, ಜೊತೆಯವರ ಬಾಯಿಗೆ ಹೆದರಿ ಹತ್ತುವವರು ಉಳಿದವರು. ನಾನು ಎರಡನೆಯ ಪಂಗಡದ ನಿಷ್ಠಾವಂತ ಸದಸ್ಯ. ಕೆ.ಆರ್. ಪುರಂ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿದರೇ ನನಗೆ ಏದುಸಿರು. ಪರಿಚಯದವರು ಎದುರಾದರೆ ರೈಲು ನೋಡುತ್ತ ನಿಂತವನಂತೆ ಕಂಬಿ ಹಿಡಿದುಕೊಳ್ಳುತ್ತೇನೆ. ಇಂಥವನು, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಇಂದಿರಾನಗರದ ನಮ್ಮ ಆಫೀಸಿನವರ ಜೊತೆ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೊರಟುಬಿಟ್ಟೆ. ಹಲಸೂರು ಕೆರೆಯ ಪಕ್ಕದಲ್ಲಿರುವಂತೆ ಅಲ್ಲೂ ನಾಲ್ಕು ಕಲ್ಲುಬೆಂಚು ಇದ್ದೇ ಇರುತ್ತವೆ ಎಂಬ ಧೈರ್ಯ.

ಮಳೆ ಆಗಷ್ಟೇ ಬಿಟ್ಟಿತ್ತು. ಬೆಟ್ಟದ ಬುಡದಲ್ಲಿ ಅರಣ್ಯ ಕಾವಲುಗಾರ ತಿಮ್ಮಯ್ಯನವರು ಎಲ್ಲರಿಗೂ ಒಂದೊಂದು ಖಾಲಿ ಚೀಲ ಕೊಟ್ಟರು. "ಮೇಲೆ ಜನ ಎಸೆದದ್ದು ಕಂಡ್ರೆ ಹೆಕ್ಕಿ ತನ್ನಿ ಮಾರಾಯ್ರೆ, ಇಷ್ಟು ದೊಡ್ಡ ಬೆಟ್ಟಕ್ಕೆ ನಾವು ಕೆಲವೇ ಜನ" ಎಂದರು. ಮೊದಲ ಏರಿನಲ್ಲೇ ನನಗೊಂದು ಸತ್ಯ ಹೊಳೆಯಿತು. ಸುಮ್ಮನೆ ಕೂತರೆ ಸುಸ್ತಾದವನು ಎನ್ನುತ್ತಾರೆ, ಬಗ್ಗಿ ಒಂದು ಬಿಸ್ಕತ್ತಿನ ಕವರು ಎತ್ತಿದರೆ ಪರಿಸರಪ್ರೇಮಿ! ಬಗ್ಗುವುದರಲ್ಲಿ ಇಷ್ಟು ಮರ್ಯಾದೆಯಿದೆ ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಉಸಿರು ಕಟ್ಟಿದಾಗಲೆಲ್ಲ ಬಗ್ಗಿದೆ. ಚಿಪ್ಸ್ ಕವರು, ನೀರಿನ ಬಾಟಲಿ, ಗುಟ್ಕಾ ಚೀಟಿ ಎಲ್ಲವನ್ನೂ ಎತ್ತಿದೆ. ನನ್ನ ಚೀಲ ಮೂಟೆಯಾಯಿತು.

ಹಾಗೆ ಬಗ್ಗಿ ಎದ್ದಾಗ ಒಮ್ಮೆ ಮಂಜು ಸರಿಯಿತು. ಕಣ್ಣು ಹರಿಯುವಷ್ಟು ದೂರ ಹುಲ್ಲಿನ ಬೆಟ್ಟ, ಅದರ ಹಿಂದೆ ಇನ್ನೊಂದು, ಮಡಿಕೆ ಮಡಿಕೆಗಳಲ್ಲಿ ಕಪ್ಪುಹಸಿರು ಶೋಲಾ ಕಾಡು. ಎಲ್ಲೋ ಒಳಗೆ ನೀರು ಹರಿಯುವ ಸದ್ದು. "ತುಂಗೆ, ಭದ್ರೆ, ನೇತ್ರಾವತಿ ಎಲ್ಲ ಈ ಹುಲ್ಲಿನ ಮಕ್ಕಳೇ" ಎಂದರು ಜೊತೆಗಿದ್ದ ತಿಮ್ಮಯ್ಯನವರು. ಆಫೀಸಿನಲ್ಲಿ ಎಲ್ಲಕ್ಕೂ ಕೊಂಕು ತೆಗೆಯುವ ನಾನು ಚೀಲ ಕೆಳಗಿಟ್ಟು ನೋಡುತ್ತ ನಿಂತೆ. ಇದನ್ನು ನೋಡದೆ ಸತ್ತಿದ್ದರೆ ನಷ್ಟವಾಗುತ್ತಿತ್ತು ಅನ್ನಿಸಿತು.

ಇಳಿದ ಮೇಲೆ ನನ್ನ ಮೂಟೆಯೇ ಎಲ್ಲರದಕ್ಕಿಂತ ದೊಡ್ಡದು. ತಿಮ್ಮಯ್ಯನವರು ನನ್ನ ಕೈ ಹಿಡಿದುಕೊಂಡರು. "ನಿಮ್ಮಂಥೋರು ಬರ್ಬೇಕು. ಇಲ್ಲಿ ಹಾಕೋಕೆ ಜಾಗ ಇಲ್ಲ, ನಿಮ್ಮೂರಿಗೇ ತಗೊಂಡು ಹೋಗಿ. ಆದ್ರೆ ಯಾರದ್ದೋ ಖಾಲಿ ಸೈಟಿಗೆ ಎಸೀಬೇಡಿ. ಮಾತು ಕೊಡಿ." ಬೆಟ್ಟದ ಅಮಲಿನಲ್ಲಿದ್ದೆ, ಕೊಟ್ಟುಬಿಟ್ಟೆ.

ರಾಮಮೂರ್ತಿ ನಗರದ ಬಾಡಿಗೆ ಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಸರಳಾ ಮೂಟೆ ಬಿಚ್ಚಿ ನೋಡಿದಳು. "ಜನ ಬೆಟ್ಟಕ್ಕೆ ಹೋದ್ರೆ ಜೇನುತುಪ್ಪ ತರ್ತಾರೆ. ನೀವು ಕಸ ತಂದಿದ್ದೀರಲ್ರೀ!"

ಎಸೆಯುವುದಾದರೂ ಎಲ್ಲಿಗೆ? ನಮ್ಮ ಬೀದಿಯ ಕಸಕ್ಕೆಲ್ಲ ಪಕ್ಕದ ಖಾಲಿ ಸೈಟೇ ಗತಿ. ಅದರ ಮಾಲೀಕರು ಗೋಡೆಗೆ ಸರ್ವಧರ್ಮಗಳ ದೇವರ ಟೈಲ್ಸ್ ಅಂಟಿಸಿ ನೋಡಿದ್ದರು. ಜನ ಭಕ್ತಿಯಿಂದ ಕೈಮುಗಿದು ಎರಡಡಿ ಆಚೆ ಎಸೆಯುತ್ತಿದ್ದರು. ಬಾಲ್ಕನಿಯಿಂದ ನನ್ನ ಗುರಿಯೂ ಚೆನ್ನಾಗಿಯೇ ಇತ್ತು. ಈಗ ಕೈ ಎತ್ತಿದರೆ ತಿಮ್ಮಯ್ಯನವರು ಹಿಡಿದುಕೊಂಡಂತಾಗುತ್ತದೆ. ಗುಜರಿಯವನು ಬಾಟಲಿಗಳನ್ನು ಆರಿಸಿಕೊಂಡು, "ಕವರ್ ಯಾರೂ ತಗೊಳ್ಳಲ್ಲ ಸಾಬ್" ಎಂದು ಸೈಕಲ್ ಏರಿದ. ಆಫೀಸಿನ ಗೆಳೆಯರನ್ನು ಕೇಳಿದರೆ ಅವರ ಮೂಟೆಗಳು ದಾರಿಯಲ್ಲೇ ಎಲ್ಲೋ 'ಇಳಿದುಹೋಗಿದ್ದವು'. ಹಬ್ಬ ಬೇರೆ ಹತ್ತಿರ ಬಂತು. "ನವರಾತ್ರಿಗೆ ಮನೇಲಿ ಕಸ ಇರ್ಕೂಡ್ದು. ಆದ್ರೆ ಕೊಟ್ಟ ಮಾತೂ ತಪ್ಪಬಾರ್ದು" ಎಂದಳು ಸರಳಾ. ನನಗೆ ಊಟ ಸೇರಲಿಲ್ಲ.

ದಾರಿ ಕಂಡುಕೊಂಡವಳು ಅವಳೇ. ನಮ್ಮಲ್ಲಿ ದಸರಾ ಗೊಂಬೆಗಳ ಮುಂದೆ ಪುಟ್ಟ ಪಾರ್ಕು ಮಾಡುವ ಪದ್ಧತಿಯುಂಟಲ್ಲ. ಕವರುಗಳನ್ನೆಲ್ಲ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ ಮತ್ತೆ ಮೂಟೆ ಕಟ್ಟಿದಳು. ಅದನ್ನು ಮೂಲೆಯಲ್ಲಿ ನಿಲ್ಲಿಸಿ, ಮೇಲೆ ಗೋಣಿತಾಟು ಹೊದಿಸಿ, ಕೆಸರು ಮೆತ್ತಿ ರಾಗಿ ಚೆಲ್ಲಿದಳು. ನಾನು ಬಣ್ಣಿಸಿದ್ದನ್ನು ನೆನಪಿಟ್ಟುಕೊಂಡು ಮಡಿಕೆಗಳಲ್ಲಿ ಮಾತ್ರ ಮೆಂತ್ಯ ಬಿತ್ತಿದಳು. ಹಬ್ಬದ ನಡುವಿನ ಹೊತ್ತಿಗೆ ಹುಲ್ಲುಗಾವಲೂ ಬಂತು, ಶೋಲಾನೂ ಬಂತು! ಅವಳು ಕುದುರೆಮುಖವನ್ನು ಕಣ್ಣಾರೆ ಕಂಡವಳೇ ಅಲ್ಲ. ಬೆಳಿಗ್ಗೆ ಸಂಜೆ ನೀರು ಚಿಮುಕಿಸುವ, ಬಂದವರ ಮಕ್ಕಳು ಹುಲ್ಲು ಕೀಳದಂತೆ ಕಾಯುವ ಕೆಲಸ ನನ್ನದಾಯಿತು. ನಾನೂ ಒಂದು ಬೆಟ್ಟದ ಕಾವಲುಗಾರನಾದೆ.

ಗೊಂಬೆ ನೋಡಲು ಇಡೀ ಬೀದಿ ಬಂತು. ಕೆಳಗಿನ ಮನೆಯ ಓನರಮ್ಮ ಸೆಲ್ವಿಯಮ್ಮನೂ ಬಂದರು. "ಅಯ್ಯೋ, ಎಷ್ಟು ಚೆನ್ನಾಗೈತೆ ಸಾರ್! ಅಸಲಿ ಬೆಟ್ಟದ ಥರಾನೇ" ಎಂದು ಕೆನ್ನೆಗೆ ಕೈ ಇಟ್ಟುಕೊಂಡರು. ನಾನು ಉಬ್ಬಿದೆ. ಅವರು ಗುಗ್ಗರಿ ತಿಂದು ಮುಗಿಸಿ, ಖಾಲಿ ಪ್ಲಾಸ್ಟಿಕ್ ಕವರನ್ನು ಸುರುಳಿ ಸುತ್ತಿ, ಮೆಲ್ಲಗೆ ಬೆಟ್ಟದ ಹಿಂದಕ್ಕೆ ತುರುಕಿದರು.

ನನ್ನೊಳಗಿನ ತಿಮ್ಮಯ್ಯ ಎದ್ದರು. "ಬೆಟ್ಟದಲ್ಲಿ ಕಸ ಹಾಕಬಾರ್ದು ಅಮ್ಮ" ಎಂದು ಶುರು ಮಾಡಿದವನು ಹುಲ್ಲು, ಕಾಡು, ಮೂರು ನದಿ ಎಲ್ಲವನ್ನೂ ಹೇಳಿದೆ. ಕೂಡಿದ್ದ ಹೆಂಗಸರು ಗುಗ್ಗರಿ ಅಗಿಯುವುದನ್ನು ನಿಲ್ಲಿಸಿ ಕೇಳಿದರು. ಕೊನೆಗೆ ಕೈ ಚಾಚಿ, "ಇನ್ಮೇಲೆ ಪಕ್ಕದ ಸೈಟಿಗೂ ಎಸೆಯಲ್ಲ ಅಂತ ಮಾತು ಕೊಡಿ" ಎಂದೆ.

ಸೆಲ್ವಿಯಮ್ಮ ಪಾಪ, ಬೇಜಾರು ಮಾಡಿಕೊಳ್ಳದೆ ಕವರನ್ನು ಈಚೆ ತೆಗೆದರು. "ಕರೆಕ್ಟು ಸಾರ್, ಕೊಡ್ತೀನಿ. ಆದ್ರೆ ಅವತ್ತು ನೀವು ಒಂದು ಮೂಟೆ ಕಸ ಹೊತ್ಕೊಂಡು ಮೆಟ್ಲು ಹತ್ತಿದ್ರಲ್ಲ? ಅದನ್ನ ಎಲ್ಲಿ ಹಾಕಿದ್ರಿ, ಹೇಳಿ. ನಾನೂ ಅಲ್ಲೇ ಹಾಕ್ತೀನಿ."

ಎಲ್ಲರೂ ನನ್ನತ್ತ ತಿರುಗಿದರು. ನಾನು ಸರಳಾಳನ್ನು ನೋಡಿದೆ. ಅವಳು ಏನೂ ಅರಿಯದವಳಂತೆ ನೀರಿನ ಚೊಂಬನ್ನು ನನ್ನ ಕೈಗಿತ್ತು, "ಹುಲ್ಲು ಬಾಡ್ತಿದೆ ನೋಡ್ರೀ" ಎಂದಳು.

ನಾನು ಬಗ್ಗಿದೆ.