ಕೆಂಪೇರಿದ ಕಂಪ್ಯೂಟರಿಗೆ ವಿಭೂತಿ ಚಿಕಿತ್ಸೆ

ಆಯುಧ ಪೂಜೆಯ ದಿನ. ಬೆಳಿಗ್ಗೆ ನಲ್ಲಿ ನೀರು ಹಿಡಿದೆ. ಕಿಟಕಿಯ ಸರಳುಗಳ ಮೇಲಿನ ಕೆಂಪು ಅದಿರಿನ ಧೂಳು ಒರೆಸಿದೆ. ಸ್ಕೂಟರ್ ತೊಳೆದೆ. ಈಳಿಗೆ, ಮಿಕ್ಸಿ, ಹೊಲಿಗೆ ಯಂತ್ರ, ಕಂಪ್ಯೂಟರುಗಳಿಗೆ ವಿಭೂತಿ ಹಚ್ಚಿ ಹೂವಿಟ್ಟೆ. ಕಂಪ್ಯೂಟರಿನ ಮಾನಿಟರನ್ನು ಎತ್ತಿ ತಿರುಗಿಸಿ ಅದರ ಬೆನ್ನನ್ನೂ ಬಿಡದೆ ಒರೆಸಿದೆ. ನನ್ನಂಥ ಗಂಡ ಹೊಸಪೇಟೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ!

ಕಂಪ್ಯೂಟರು ನನ್ನ ಹೆಂಡತಿ ಶಾಂತಾಳದು. ಅವಳ ತಮ್ಮ ವೀರೇಶ ಸಂಡೂರಿನ ಅದಿರು ಗಣಿಯಲ್ಲಿ ಟಿಪ್ಪರ್ ಇಟ್ಟು ಕೈತುಂಬ ದುಡಿಯುತ್ತಿದ್ದ. ನಾಗರ ಪಂಚಮಿಗೆ ಅಕ್ಕನಿಗೆ ಸೀರೆ ಕೊಡುವುದು ಬಿಟ್ಟು, ಆಟಕ್ಕೆಂದೇ ಜೋಡಿಸಿದ ಈ ಪೆಟ್ಟಿಗೆಯನ್ನು ತಂದಿಳಿಸಿದ್ದ. ಒಳಗೆ ಚಿತ್ರ ಮೂಡಿಸುವುದಕ್ಕೇ ಒಂದು ಗ್ರಾಫಿಕ್ಸ್ ಕಾರ್ಡು, ಆ ಕಾರ್ಡಿಗೇ ಒಂದು ಪುಟ್ಟ ಫ್ಯಾನು. ನಮ್ಮ ಮಲಗುವ ಕೋಣೆಗೂ ಅಂಥ ಭಾಗ್ಯವಿಲ್ಲ!

ಅಂದು ಸಂಜೆ ಅಕ್ಕನಿಗೂ ತಮ್ಮನಿಗೂ ಕಂಪ್ಯೂಟರಿನಲ್ಲಿ ಕಾರ್ ರೇಸ್ ಪಂದ್ಯ ನಿಗದಿಯಾಗಿತ್ತು. ಅಕ್ಕ ಗೆದ್ದರೆ ತಮ್ಮ ತನ್ನ ಹೊಸ ಜೀಪನ್ನು ಓಡಿಸಲು ಕಲಿಸಬೇಕು. ಶಾಂತಾಳಿಗೆ ಮದುವೆಯಾದಾಗಿನಿಂದ ಗಾಡಿ ಕಲಿಯುವ ಆಸೆ. ನಾನು ಸ್ಕೂಟರ್ ಕಲಿಸುತ್ತೇನೆ ಎನ್ನುತ್ತಲೇ ಸ್ಕೂಟರ್ ಮುದಿಯಾಗಿತ್ತು.

ಮಧ್ಯಾಹ್ನ ಅಭ್ಯಾಸಕ್ಕೆ ಕೂತವಳು ಕೂಗಿದಳು. "ಬರ್ರಿ ಇಲ್ಲಿ! ಆಟದಾಗೂ ಸಂಡೂರ್ ರೋಡೇ ಬಂದೈತಲ್ರಿ!"

ನೋಡಿದರೆ ರಸ್ತೆ ಕೆಂಪು, ಮರ ಕೆಂಪು, ಆಕಾಶವೂ ಕೆಂಪು. ನಮ್ಮ ಕಡೆ ಬಿಳಿ ಅಂಗಿ ಕೆಂಪಾದರೂ ಅದಿರು, ಕರಿ ಎಮ್ಮೆ ಕೆಂಪಾದರೂ ಅದಿರು. ಗಂಭೀರವಾಗಿ ಘೋಷಿಸಿದೆ: "ಕಾರ್ಡಿನೊಳಗ ಅದಿರು ಹೊಕ್ಕೈತಿ."

"ವೀರೇಶ ಬರ್ಲಿ ಬಿಡ್ರಿ. ನೀವು ಕೈ ಹಚ್ಚಬ್ಯಾಡ್ರಿ."

ಕೈ ಹಚ್ಚಬಾರದೇ! ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಆಳೆತ್ತರದ ಯಂತ್ರಗಳನ್ನು ನೋಡಿಕೊಳ್ಳುವವನು ನಾನು. ಯಂತ್ರಗಳ ಮೇಲಿನ ತೌಡು ಊದುವ ಬ್ಲೋವರನ್ನು ಹಬ್ಬದ ಸ್ವಚ್ಛತೆಗೆಂದು ಮನೆಗೇ ತಂದಿದ್ದೆ. ಪೆಟ್ಟಿಗೆಯನ್ನು ಮಲಗಿಸಿ ಮುಚ್ಚಳ ಬಿಚ್ಚಿದೆ. ಬ್ಲೋವರಿನ ಮೂತಿ ಒಳಗಿಟ್ಟೆ. ಗುಂಡಿ ಒತ್ತಿದೆ.

ಸಂಡೂರಿನ ಗುಡ್ಡವೇ ನಡುಮನೆಗೆ ಬಂತು! ನನ್ನ ಬಿಳಿ ಧೋತರ, ದೇವರ ಫೋಟೊ, ಹೋಳಿಗೆಗೆ ನಾದಿಟ್ಟ ಕಣಕ, ಎಲ್ಲಕ್ಕೂ ಒಂದೇ ಬಣ್ಣ. ಪಕ್ಕದ ಮನೆಯ ಬಸಮ್ಮ ಮೂಗಿಗೆ ಸೆರಗು ಹಿಡಿದು ಬಾಗಿಲಿಗೆ ಬಂದಳು.

"ಏನ್ರೀ ಅಣ್ಣಾರ, ಮನ್ಯಾಗ ಮೈನಿಂಗ್ ಸುರು ಮಾಡೀರೇನು? ಪರ್ಮಿಟ್ ಐತಿಲ್ಲೋ?"

ಉತ್ತರ ಕೊಡಲು ಬಾಯಿ ತೆರೆದೆ. ಅದಿರು ಒಳಗೆ ಹೋಯಿತು.

ಪರದೆ ಇನ್ನೂ ಕೆಂಪಗೇ ಇತ್ತು. ಆಗ ಹೊಳೆಯಿತು. ಬೆಳಿಗ್ಗೆ ಪೆಟ್ಟಿಗೆಯ ಹೊರಗಷ್ಟೇ ವಿಭೂತಿ ಹಚ್ಚಿದ್ದೆ. ದುಡಿಯುವುದು ಒಳಗಿನ ಫ್ಯಾನಲ್ಲವೇ? ಪೂಜೆಯೇ ಅಪೂರ್ಣ! ಸ್ವಿಚ್ ಆರಿಸಿ, ಫ್ಯಾನಿನ ಒಂದೊಂದು ರೆಕ್ಕೆಗೂ ಭಕ್ತಿಯಿಂದ ವಿಭೂತಿ ಹಚ್ಚಿದೆ. ನಡುವೆ ಒಂದು ಚೆಂಡುಹೂ ಇಟ್ಟೆ. ಕೈಮುಗಿದು, ಹತ್ತಿರ ಬಗ್ಗಿ, ಸ್ವಿಚ್ ಹಾಕಿದೆ.

ಫ್ಯಾನು ಪ್ರಸಾದವನ್ನು ತಕ್ಷಣ ವಾಪಸು ಕೊಟ್ಟಿತು. ಹೂವು ಹಣೆಗೆ, ವಿಭೂತಿ ಕಣ್ಣಿಗೆ!

ಶಾಂತಾ ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. "ಹೋಗ್ಲಿ ಬಿಡ್ರಿ. ಜೀಪು ಎಲ್ಲಿ ಓಡಿ ಹೋಗ್ತೈತಿ?" ಎಂದು ಹೊಸದಾಗಿ ಕಣಕ ನಾದಲು ಹೋದಳು. ಅವಳ ಬೆನ್ನು ನೋಡುತ್ತ ಕಣ್ಣೊರೆಸಿಕೊಂಡೆ. ಅರ್ಧ ವಿಭೂತಿಗೆ, ಅರ್ಧ ದುಃಖಕ್ಕೆ.

ಅಷ್ಟರಲ್ಲಿ ವೀರೇಶ ಬಂದ. ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಗಣಿಯಿಂದ ಬಂದಾವ ನಾನು. ನೀವ್ಯಾಕ ಹಿಂಗಾಗೀರಿ ಮಾವ?"

ಹೇಳಿದೆ. ಅವನು ಮಾನಿಟರಿನ ಹಿಂದೆ ಕೈ ಹಾಕಿ, ಸಡಿಲಾಗಿದ್ದ ಕೇಬಲ್ಲನ್ನು ಒತ್ತಿ ತಿರುಪು ಬಿಗಿದ. ಆಕಾಶ ನೀಲಿಯಾಯಿತು. ಮರ ಹಸಿರಾಯಿತು. ನಾನು ಮಾತ್ರ ಕೆಂಪಗೇ ಉಳಿದೆ.

"ಇದು ಲೂಸ್ ಆದ್ರ ಉಳಿದ ಬಣ್ಣ ಹೋಗ್ತಾವ, ಕೆಂಪಷ್ಟೇ ಉಳಿತೈತಿ. ಯಾರ್ ಎಳ್ದಾಡಿದ್ರು ಇದನ್ನ?"

"ಮುಂಜಾನೆ ಅದರ ಬೆನ್ನು ತಿಕ್ಕಿದವರು," ಎಂದಳು ಶಾಂತಾ, ನನ್ನ ಹೆಸರು ಹೇಳದೆ.

ಪಂದ್ಯ ನಡೆಯಿತು. ಅಕ್ಕ ಗೆದ್ದಳು! ಫ್ಯಾನಿನಿಂದ ಕಣ್ಣಿಗೆ ವಿಭೂತಿ ಹಾರಿತೆಂದು ವೀರೇಶ ತಕರಾರು ತೆಗೆದ. "ಪ್ರಸಾದ ಲೇ ಅದು, ಕಣ್ಣಿಗೆ ಒತ್ಕೊ! ಜೀಪ್ ಯಾವಾಗ ಕೊಡ್ತಿ ಹೇಳು," ಎಂದಳು ಶಾಂತಾ.

"ನಾಳೆ ಮುಂಜಾನೆ ಮಲಪನಗುಡಿ ಕಡೆ ಬಯಲಿಗೆ ಹೋಗೂಣು ಅಕ್ಕಾ."

"ನಾನೂ ಬರ್ತೀನಿ," ಎಂದೆ.

"ಬರ್ರಿ, ಹಿಂದ ಕುಂದ್ರಿ," ಎಂದಳು ಜೀಪಿನ ಹೊಸ ಚಾಲಕಿ. "ಯಾವ್ದನ್ನೂ ಒರಸಬ್ಯಾಡ್ರಿ."

ರಾತ್ರಿ ಹೋಳಿಗೆ, ತುಪ್ಪ, ಕಟ್ಟಿನ ಸಾರು, ಹಪ್ಪಳ ಉಂಡೆವು. ಮೊದಲು ನಿದ್ದೆ ಹೋದವಳು ಶಾಂತಾ. ಕೌದಿಯೊಳಗೆ ಅವಳ ಬಲಗಾಲು ಆಗಾಗ ಏನನ್ನೋ ಜೋರಾಗಿ ಒತ್ತುತ್ತಿತ್ತು. ಅದು ಬ್ರೇಕೇ ಆಗಿರಲಿ ಎಂದು ಬೇಡಿಕೊಂಡು ನಾನು ಗೋಡೆಯ ಕಡೆಗೆ ಸರಿದೆ.